ಉಮೇದುವಾರಳ ಅಣ್ಣ

ಎಂಟೂವರೆಯ ಬಸ್ಸಿಗೆ ಏಳೂವರೆಗೇ ಹೋಗಿ ನಿಲ್ಲುವ ಜನರನ್ನು ನೀವು ನೋಡಿರುತ್ತೀರಿ. ಚೀಲವನ್ನು ಎರಡು ಪಾದಗಳ ನಡುವೆ ಇರುಕಿಕೊಂಡು, ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಮೂರು ಬಾರಿ ಪಾರಾಯಣ ಮಾಡಿ, ಅಷ್ಟಕ್ಕೂ ಸಮಾಧಾನವಾಗದೆ ಕಂಟ್ರೋಲರ್ ಸಾಹೇಬರ ಕಿಂಡಿಯಲ್ಲಿ ಮುಖ ತೂರಿಸಿ ‘ಎಂಟೂವರೆದು ಇವತ್ತ ಐತೆಲ್ರಿ?’ ಎಂದು ಕೇಳಿ, ಅವರು ತಲೆಯೆತ್ತದೆ ‘ಹೂಂ’ ಎಂದರೆ ಆ ಹೂಂಕಾರದಲ್ಲಿ ಖಾತ್ರಿಯ ಅಂಶವೆಷ್ಟು, ಬೇಸರದ ಅಂಶವೆಷ್ಟು ಎಂದು ವಿಶ್ಲೇಷಿಸುತ್ತ ನಿಲ್ಲುವ ಪಂಗಡವೊಂದಿದೆ. ನಾನು ಆ ಪಂಗಡದ ಆಜೀವ ಸದಸ್ಯ. ಸವಣೂರಿನ ಪ್ರೌಢಶಾಲೆಯೊಂದರಲ್ಲಿ ಮೂರು ದಶಕ ಕನ್ನಡ ಕಲಿಸಿ, ಸಕಲ ಸಂಧಿಗಳನ್ನೂ ಬಿಡಿಸಿ ತೋರಿಸಿದ ನನಗೆ, ನನ್ನ ಮತ್ತು ಬಸ್ಸಿನ ನಡುವಿನ ಸಂಧಿ ಮಾತ್ರ ಯಾವಾಗ ಲೋಪಸಂಧಿಯಾಗಿಬಿಡುತ್ತದೋ ಎಂಬ ಅಂಜಿಕೆ ಇಂದಿಗೂ ಬಿಟ್ಟಿಲ್ಲ.

ಮನೆಯಲ್ಲಿ ಇದೊಂದು ಖಾಯಂ ನಗೆಯ ವಸ್ತು. ನನ್ನ ಹೆಂಡತಿಯಂತೂ ಬಂದವರೆದುರು ‘ಇವರು ಹೊತ್ಕೊಂಡು ಹೋಗಾವ್ರಕಿಂತ ಮೊದಲ ಸುಡಗಾಡಿಗೆ ಹೋಗಿ ಕುಂದ್ರಾವ್ರು’ ಎಂದು ಹೇಳಿ ಚಹಾ ಕೊಡುತ್ತಾಳೆ. ಬಂದವರು ನಗುತ್ತಾರೆ, ನಾನೂ ನಗುತ್ತೇನೆ. ಈ ರೋಗ ನನಗೆ ಯಾವ ದಿನ, ಯಾವ ಬಸ್ಸಿನಿಂದ ಅಂಟಿಕೊಂಡಿತು ಎಂದು ಅವಳಿಗೆ ಗೊತ್ತಿಲ್ಲ. ಗೊತ್ತಿರುವುದು ನನಗೆ ಮತ್ತು ನನ್ನ ತಂಗಿ ಸುಮಿತ್ರಾಗೆ ಮಾತ್ರ, ಮತ್ತು ನಾವಿಬ್ಬರೂ ಆ ಮಾತನ್ನು ಒಮ್ಮೆಯೂ ಆಡಿಕೊಂಡವರಲ್ಲ.

ಸುಮಿ ನನಗಿಂತ ನಾಲ್ಕು ವರ್ಷ ಚಿಕ್ಕವಳು, ಅಂದರೆ ಈಗ ಐವತ್ನಾಲ್ಕು. ಹಾನಗಲ್ಲಿನಲ್ಲಿ ಅಂಗನವಾಡಿ ಶಿಕ್ಷಕಿ. ಮೊನ್ನೆ ಶ್ರಾವಣ ಮುಗಿದ ಮೇಲೆ ಒಂದು ದಿನ ಅವಳ ಫೋನು ಬಂತು. ಅವಳು ಕುಶಲಪ್ರಶ್ನೆಗೆ ಹೆಚ್ಚು ಹೊತ್ತು ವ್ಯಯಿಸುವವಳಲ್ಲ. ‘ಅಣ್ಣಾ, ಬರೂ ಭಾನುವಾರ ಹಂಸಭಾವ್ಯಾಗ ಹೆಣ್ಮಕ್ಕಳ ಚೆಸ್ ಆಯ್ಕಿ ಐತಂತ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ನಾಕು ತಾಲೂಕಿಂದು. ವಯಸ್ಸಿನ ಕಟ್ಟಿಲ್ಲಂತ. ನಾ ಹೆಸರು ಕೊಟ್ಟು ಬಂದೇನಿ. ನೀ ಬರ್ತೀಯೇನು?’ ಎಂದಳು.

ಅದು ಕೇಳುವುದಕ್ಕೆ ಸರಳ ಪ್ರಶ್ನೆ. ನನಗೆ ಮಾತ್ರ ಅದು ಸರಳವಾಗಿರಲಿಲ್ಲ. ‘ಬರ್ತೇನಿ, ಬರ್ದ ಇರ್ತೇನೇನು,’ ಎಂದು ಹೇಳಿದೆ. ನನ್ನ ದನಿಯಲ್ಲಿ ಅಗತ್ಯಕ್ಕಿಂತ ಹೆಚ್ಚು ಉತ್ಸಾಹವಿದ್ದುದು ಅವಳಿಗೂ ತಿಳಿದಿರಬೇಕು.

ಕಾರಣ ಹೇಳಿಬಿಡುತ್ತೇನೆ. ನಾವು ಬೆಳೆದದ್ದು ಸವಣೂರಿನಲ್ಲಿ. ನಮ್ಮ ಮನೆಯ ಎದುರಿಗೆ ಇಮಾಮಸಾಬ್ ಚಾಚಾ ಎಂಬ ಎಲೆ ವ್ಯಾಪಾರಿಯ ಮನೆ. ವೀಳ್ಯದೆಲೆಯ ಪೆಂಡಿಗಳನ್ನು ಬೆಳಗ್ಗೆ ಪೇಟೆಗೆ ಸಾಗಿಸಿದ ಮೇಲೆ ಅವರಿಗೆ ಸಂಜೆಯವರೆಗೆ ಉಳಿಯುತ್ತಿದ್ದ ಉದ್ಯೋಗ ಎರಡೇ, ನಮಾಜು ಮತ್ತು ಬುದ್ಧಿಬಳ. ಚದುರಂಗಕ್ಕೆ ನಮ್ಮ ಕಡೆಯ ಹಳಬರು ಹೇಳುವ ಹೆಸರು ಅದು. ಜಗುಲಿಯ ಮೇಲೆ ಬಟ್ಟೆಯ ಹಾಸು ಹಾಸಿ ಅವರು ಮೊದಲು ಆಟ ಕಲಿಸಿದ್ದು ನನಗೆ. ನಾನು ಕಲಿಯುವುದನ್ನು ಬಾಗಿಲ ಬಳಿ ನಿಂತು ನೋಡಿದ ಸುಮಿ, ನಾನು ಕಲಿತು ಮುಗಿಸುವ ಮೊದಲೇ ನನ್ನನ್ನು ಸೋಲಿಸತೊಡಗಿದಳು. ಚಾಚಾ ಮೀಸೆಯಲ್ಲೇ ನಗುತ್ತ ನನ್ನ ಜಾಗಕ್ಕೆ ಅವಳನ್ನು ಕೂರಿಸಿದರು. ಆ ದಿನದಿಂದ ಆ ಜಗುಲಿಯಲ್ಲಿ ನನ್ನ ಕೆಲಸ ಚಹಾದ ಕಪ್ಪು ಎತ್ತಿಡುವುದು. ಅಣ್ಣನಾದವನ ಮರ್ಯಾದೆ ಎಷ್ಟು ಹಗುರವಾದ ವಸ್ತು ಎಂಬುದು ನನಗೆ ತಿಳಿದದ್ದು ಆಗಲೇ.

ಚಾಚಾ ಕಲಿಸಿದ್ದು ಪುಸ್ತಕದ ಆಟವಲ್ಲ. ನವಾಬರ ಕಾಲದಿಂದ ಜಗುಲಿಯಿಂದ ಜಗುಲಿಗೆ ಇಳಿದುಬಂದ ಆಟ. ಅದರಲ್ಲೊಂದು ಕಟ್ಟಳೆಯಿತ್ತು. ಎದುರಾಳಿಯ ಕಾಯಿಗಳನ್ನೆಲ್ಲ ಹೊಡೆದುಹಾಕಿ ಅವನ ರಾಜನೊಬ್ಬನನ್ನೇ ಉಳಿಸಿದರೆ ಅದು ಗೆಲುವಲ್ಲ, ‘ಬುರ್ದು’, ಅಂದರೆ ಬರೀ ಅರ್ಧ ಗೆಲುವು. ಪೂರ್ಣ ಗೆಲುವು ಬೇಕೆಂದರೆ ಎದುರಿನ ರಾಜನ ಜೊತೆಗೆ ಕಡೆಯ ಪಕ್ಷ ಒಂದು ಪ್ಯಾದೆಯಾದರೂ, ಎಂದರೆ ಒಬ್ಬ ಕಾಲಾಳಾದರೂ ಉಳಿದಿರುವಾಗಲೇ ಅವನನ್ನು ಕಟ್ಟಿಹಾಕಬೇಕು. ‘ಎಲ್ಲಾ ಕಸಗೊಂಡು, ಒಬ್ಬನ್ನ ಮಾಡಿ ಹೊಡದ್ರ ಅದೇನ್ ಶೂರತನ ಬೇಟಿ? ಅವನ ಮಂದಿ ಮುಂದ ಅವನ್ನ ಸೋಲಸಬೇಕು,’ ಎನ್ನುತ್ತಿದ್ದರು. ಹೊರಗಿನ ಪಂದ್ಯಗಳಲ್ಲಿ ಇಂಥ ಕಟ್ಟಳೆಯಿಲ್ಲ ಎಂದು ಆಮೇಲೆ ನಮಗೆ ತಿಳಿಯಿತು. ಆದರೆ ಬೆರಳುಗಳು ಮೊದಲು ಕಲಿತದ್ದನ್ನು ಬಿಡುವುದಿಲ್ಲ. ಗೆಲ್ಲುವ ಆಟದಲ್ಲಿ ಎದುರಿನ ಕೊನೆಯ ಪ್ಯಾದೆ ಕೈಗೆ ಸಿಕ್ಕರೂ ಅದನ್ನು ಹಾಗೇ ಬಿಟ್ಟು, ಬಳಸಿ ಬಂದು ರಾಜನನ್ನು ಹಿಡಿಯುವುದು ಸುಮಿಯ ರೂಢಿಯಾಗಿಹೋಯಿತು.

ಅವಳಿಗೆ ಹದಿನೆಂಟಾದಾಗ ಸವಣೂರಿನಲ್ಲಿ ಹೆಣ್ಣುಮಕ್ಕಳ ಆಯ್ಕೆ ಪಂದ್ಯ ನಡೆದು ಅವಳು ಎಲ್ಲರನ್ನೂ ಸೋಲಿಸಿದಳು. ಮುಂದಿನ ಸುತ್ತು ಶಿಗ್ಗಾವಿಯಲ್ಲಿ. ಅಪ್ಪ ಎರಡು ದಿನ ಯೋಚಿಸಿ, ‘ಅಣ್ಣ ಸಂಗಡ ಹೋದ್ರ ಹೋಗಲಿ’ ಎಂದು ಅಪ್ಪಣೆ ಕೊಟ್ಟರು. ಆ ದಿನ ಬೆಳಗ್ಗೆ ಕಾಲೇಜಿನ ಮೈದಾನದಲ್ಲಿ ನಮ್ಮ ಕ್ರಿಕೆಟ್ಟಿತ್ತು. ಒಂದು ಓವರು, ಇನ್ನೊಂದು ಓವರು ಎಂದುಕೊಂಡು ನಾನು ಬ್ಯಾಟು ಬೀಸುತ್ತ ನಿಂತೆ. ನಿಲ್ದಾಣಕ್ಕೆ ಓಡಿ ಬರುವ ಹೊತ್ತಿಗೆ ಬಸ್ಸು ಹೋಗಿಯಾಗಿತ್ತು, ಇನ್ನೊಂದು ಮಧ್ಯಾಹ್ನಕ್ಕೆ. ಸುಮಿ ಕಲ್ಲುಬೆಂಚಿನ ಮೇಲೆ ಎರಡು ಜಡೆ ಹೆಣೆದುಕೊಂಡು, ಕಾಯಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ತಲೆಯೆತ್ತಿ ನನ್ನನ್ನೊಮ್ಮೆ ನೋಡಿದಳು, ಅಳಲಿಲ್ಲ, ಬೈಯಲಿಲ್ಲ. ‘ಹೋಗೂಣ ಬಾ ಮನಿಗೆ,’ ಎಂದಳು. ಬಸ್ಸು ಕೆಟ್ಟಿತ್ತು ಎಂದು ಮನೆಯಲ್ಲಿ ಸುಳ್ಳು ಹೇಳಿದ್ದೂ ಅವಳೇ.

ಮರುವರ್ಷ ಅವಳಿಗೆ ಇನ್ನೊಂದು ಬಗೆಯ ಅರ್ಹತಾ ಸುತ್ತು ನಡೆಯಿತು. ಹಾನಗಲ್ಲಿನಿಂದ ಬಂದವರು ನಡೆ ನೋಡಿದರು, ನುಡಿ ನೋಡಿದರು, ಉಪ್ಪಿಟ್ಟು ತಿಂದು ಒಪ್ಪಿಗೆ ಹೇಳಿದರು. ಆ ಸುತ್ತಿಗೆ ಮಾತ್ರ ಮನೆಮಂದಿಯೆಲ್ಲ ಹೊತ್ತಿಗೆ ಮೊದಲೇ ಇಸ್ತ್ರಿಯ ಬಟ್ಟೆ ತೊಟ್ಟು ಸಿದ್ಧರಾಗಿದ್ದೆವು. ನಾನಂತೂ ಬೆಳಗ್ಗೆ ಆರಕ್ಕೇ ಕ್ಷೌರ ಮುಗಿಸಿದ್ದೆ.

ಇಷ್ಟು ಭಾರವನ್ನು ಹೊತ್ತವನಿಗೆ ಹಂಸಭಾವಿಯ ವಾರ ಹೇಗೆ ಕಳೆದಿರಬೇಕು, ನೀವೇ ಊಹಿಸಿ. ಆತಂಕ ಬಂದಾಗ ಕೆಲವರು ಹರಕೆ ಹೊರುತ್ತಾರೆ, ಕೆಲವರು ಊಟ ಬಿಡುತ್ತಾರೆ, ನಾನು ಮಾಹಿತಿ ಸಂಗ್ರಹಿಸುತ್ತೇನೆ. ಹೆಂಗಸರ ವಿಶ್ವ ಚದುರಂಗ ಪಟ್ಟಕ್ಕೆ ಯಾರು ಕೈಚಾಚಬಹುದು ಎಂದು ತೀರ್ಮಾನಿಸುವ ಅರ್ಹತಾ ಪಂದ್ಯಾವಳಿಗಳ ಚರಿತ್ರೆಯನ್ನು ಬುಡದಿಂದ ತುದಿಯವರೆಗೆ ಓದಿದೆ. ಅದರಿಂದ ಸುಮಿಯ ಆಟಕ್ಕೆ ಕವಡೆಯಷ್ಟೂ ಉಪಯೋಗವಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಹೆರಿಗೆಯ ಕೋಣೆಯ ಹೊರಗೆ ನಿಂತ ಗಂಡಸು ಗೋಡೆಯ ಮೇಲಿನ ಸೂಚನೆಗಳನ್ನೆಲ್ಲ ಓದುವಂತೆ ನಾನೂ ಓದಿದೆ.

ಓದಿದ್ದನ್ನು ನಿಮಗೆ ಹೇಳದಿದ್ದರೆ ನಾನು ಮೇಷ್ಟ್ರೇ ಅಲ್ಲ. ಮೊದಮೊದಲು ಅರ್ಹತೆಯ ಗೊಡವೆಯೇ ಇರಲಿಲ್ಲವಂತೆ. ಗಂಡಸರ ತಂಡಗಳು ದೇಶದೇಶಗಳಿಂದ ಬಂದು ಆಡುತ್ತಿದ್ದಲ್ಲಿಯೇ ಒಂದು ಬದಿಗೆ ಹೆಂಗಸರಿಗೂ ಕೆಲವು ಮೇಜು ಹಾಕಿ, ಬಂದವರನ್ನು ಆಡಿಸಿ, ಗೆದ್ದವಳನ್ನು ವಿಶ್ವವಿಜೇತೆ ಎಂದು ಕರೆದರು. ಮದುವೆಮನೆಯಲ್ಲಿ ಗಂಡಸರ ಪಂಕ್ತಿಯ ಪಕ್ಕದಲ್ಲಿ ಜಾಗವಿದ್ದಷ್ಟು ಹೆಂಗಸರಿಗೆ ಎಲೆ ಹಾಕಿದ ಹಾಗೆ. ಹಾಗೆ ಗೆದ್ದ ಮೊದಲಿಗಳು ಮತ್ತೆ ಮತ್ತೆ ಗೆದ್ದು, ಮಹಾಯುದ್ಧದಲ್ಲಿ ಮನೆಯ ಮೇಲೆ ಬಾಂಬು ಬಿದ್ದು ಪಟ್ಟದ ಸಮೇತ ತೀರಿಹೋದಳು. ಸಿಂಹಾಸನ ಕೆಲವು ವರ್ಷ ಖಾಲಿ ಬಿತ್ತು. ಯುದ್ಧ ಮುಗಿದ ಮೇಲೆ ಆಯ್ದ ಕೆಲವು ಹೆಂಗಸರನ್ನು ಕರೆಸಿ ಆಡಿಸಿ ಹೊಸ ರಾಣಿಯನ್ನು ಕೂರಿಸಿದರು. ಅಲ್ಲಿಂದ ಮುಂದೆ, ಆಳುವ ರಾಣಿಯ ಎದುರು ಕೂರುವ ಹಕ್ಕು ಯಾರಿಗೆ ಎಂದು ಗೊತ್ತುಮಾಡಲು ಉಮೇದುವಾರರ ಪಂದ್ಯಾವಳಿ ಹುಟ್ಟಿತು.

ಉಮೇದುವಾರರು ಹೆಚ್ಚಿದಂತೆ ಅದರ ಬುಡಕ್ಕೆ ಅಂತರ್ವಲಯದ ಪಂದ್ಯಾವಳಿ ಬಂತು, ಅದರ ಬುಡಕ್ಕೆ ವಲಯದ್ದು, ಅದರ ಬುಡಕ್ಕೆ ಆಯಾ ದೇಶದ್ದು. ಹೀಗೆ ಕಟ್ಟಿದ ಮೆಟ್ಟಿಲುಗಳನ್ನು ಒಂದು ಕಾಲದಲ್ಲಿ ಕಿತ್ತೊಗೆದು, ಎಲ್ಲರನ್ನೂ ಒಂದೇ ಊರಿಗೆ ಕರೆಸಿ, ಸೋತವಳು ಅಂದೇ ಮನೆಗೆ ಎಂಬ ಪದ್ಧತಿ ತಂದರು. ಆಗ ಆಳುವ ರಾಣಿಯೂ ಮೊದಲ ವಾರದಲ್ಲೇ ಗಂಟುಮೂಟೆ ಕಟ್ಟುವ ಪ್ರಸಂಗ ಬರಬಹುದಿತ್ತು. ಅದೂ ಸರಿಹೋಗದೆ ಊರೂರು ಸುತ್ತಿ ಅಂಕ ಕೂಡಿಸುವ ಸರಣಿಗಳು ಬಂದವು. ಕಡೆಗೆ ಇಷ್ಟೆಲ್ಲ ಸುತ್ತಿ ಬಳಸಿ ಮತ್ತೆ ಉಮೇದುವಾರರ ಪಂದ್ಯಾವಳಿಗೇ ಬಂದು ನಿಂತರು. ಅತ್ತೆ ಮಾಡಿದ ಸಾರನ್ನು ಕೆಡಿಸಿ ಕೆಡಿಸಿ ಸೊಸೆ ಅತ್ತೆಯ ಸಾರಿಗೇ ಮರಳಿದಂತೆ, ಎಂದು ನನ್ನ ಹೆಂಡತಿ ಇದಕ್ಕೆ ಭಾಷ್ಯ ಬರೆದಳು.

ಈ ಚರಿತ್ರೆಯಲ್ಲಿ ನನ್ನನ್ನು ಕಾಡಿದ ಸಂಗತಿ ಇನ್ನೊಂದಿದೆ. ಪ್ರತಿ ಪಂದ್ಯಾವಳಿಯ ಕೋಷ್ಟಕದಲ್ಲಿ ಗೆದ್ದವಳ ಹೆಸರಿದೆ, ಎರಡನೆಯವಳ ಹೆಸರಿದೆ, ತೀರ ಕೊನೆಗೆ ಬಂದು ಎಲ್ಲರಿಂದ ಹೊಡೆಸಿಕೊಂಡವಳ ಹೆಸರೂ ಇದೆ. ಬಾರದವಳ ಹೆಸರು ಯಾವ ಕೋಷ್ಟಕದಲ್ಲೂ ಇಲ್ಲ. ಗಂಡ ಬೇಡವೆಂದವಳು, ಬಸುರಿಯಾದವಳು, ಕರೆದುಕೊಂಡು ಹೋಗಬೇಕಾದ ಅಣ್ಣ ಮೈದಾನದಲ್ಲಿ ಉಳಿದುಬಿಟ್ಟವಳು, ಇವರ ಅಂಕಗಳನ್ನು ಯಾರೂ ಬರೆದಿಟ್ಟಿಲ್ಲ. ಸೊನ್ನೆ ಪಡೆಯುವುದಕ್ಕೂ ಮೊದಲು ಹೋಗಿ ಕೂರಬೇಕಲ್ಲ.

ಲೆಕ್ಕ ಹಾಕಿದರೆ ನಾಲ್ಕು ತಾಲೂಕು, ಜಿಲ್ಲೆ, ರಾಜ್ಯ, ದೇಶ, ವಲಯ, ಜಗತ್ತು, ಉಮೇದುವಾರಿಕೆ, ಹೀಗೆ ಸುಮಿ ವಿಶ್ವಪಟ್ಟದ ಪಂದ್ಯದಿಂದ ಬರೀ ಏಳು ಮೆಟ್ಟಿಲು ದೂರದಲ್ಲಿದ್ದಳು. ಇದನ್ನು ನಾನು ಅವಳಿಗೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ನನಗ ಜಿಲ್ಲಾದ ತನಕಾ ಹೋದ್ರ ಸಾಕಪಾ. ಹೋಗಿ ಕುಂತು ಆಡಿ ಬರ್ಬೇಕು, ಅಷ್ಟ,’ ಎಂದಳು. ನಗುತ್ತಲೇ ಹೇಳಿದಳು, ಆದರೆ ಅದೇ ಅವಳ ಆಸೆಯ ಪೂರ್ತಿ ಅಳತೆ ಎಂದು ನನಗೆ ತಿಳಿಯಿತು. ಮೊದಲ ಇಬ್ಬರು ಜಿಲ್ಲೆಗೆ ಹೋಗುತ್ತಾರೆ. ಆ ಇಬ್ಬರಲ್ಲಿ ಅವಳು ಒಬ್ಬಳಾಗಬೇಕು. ನನ್ನ ಪಾಲಿಗೆ ಆ ಭಾನುವಾರ ಇಷ್ಟೇ ಆಗಿತ್ತು.

ಹಿಂದಿನ ದಿನವೇ ಹಾನಗಲ್ಲಿಗೆ ಹೋಗಿ ಅವಳ ಮನೆಯಲ್ಲಿ ತಂಗಿದೆ. ಬೆಳಗ್ಗೆ ಎಂದಿನ ಒಂದು ತಾಸು ಸಾಲದೆಂದು ಒಂದೂವರೆ ತಾಸು ಮೊದಲೇ ಅವಳನ್ನು ಹೊರಡಿಸಿ ನಿಲ್ದಾಣದಲ್ಲಿ ನಿಲ್ಲಿಸಿದೆ. ಅವಳು ಚೀಲದಿಂದ ಸ್ವೆಟರು ತೆಗೆದು ಹಾಕಿಕೊಂಡಳು. ಬಸ್ಸು ತಿಳವಳ್ಳಿಗೆ ಬಂದಾಗ ಹದಿಮೂರು ಹದಿನಾಲ್ಕರ ಹುಡುಗಿಯೊಬ್ಬಳು ತಂದೆಯೊಂದಿಗೆ ಹತ್ತಿದಳು. ಹುಡುಗಿಯ ಕೈಯಲ್ಲಿ ಸುತ್ತಿದ ಚದುರಂಗದ ಹಾಸು ಕಂಡು ಸುಮಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಹುಡುಗಿಯ ಹೆಸರು ಭೂಮಿಕಾ. ಹಂಸಭಾವಿ ಬರುವಷ್ಟರಲ್ಲಿ ಅವರಿಬ್ಬರೂ ನಾನು ಸವಣೂರಿನಿಂದ ತಂದಿದ್ದ ಕುರುಕಲು ಖಾರದ ಪೊಟ್ಟಣವನ್ನು ಅರ್ಧ ಖಾಲಿ ಮಾಡಿದ್ದರು.

ತಂದೆ ಈರಪ್ಪ ನನ್ನ ಬದಿಗೆ ಕುಳಿತ. ಗೋವಿನಜೋಳ ಒಕ್ಕುವುದನ್ನು ತಮ್ಮನಿಗೆ ಒಪ್ಪಿಸಿ ಬಂದಿದ್ದನಂತೆ. ‘ನಿಮ್ಮ ಮಗಳು ಎಲ್ಲಿ ಅದಾಳ್ರಿ ಸರ, ಮೊದಲ ಹೋಗ್ಯಾಳೇನ್ರಿ?’ ಎಂದು ಕೇಳಿದ. ಆಡುವವಳು ಮಗಳಲ್ಲ, ಮುಂದೆ ಕುಳಿತ ತಂಗಿ ಎಂದೆ. ಅವನು ಸುಮಿಯ ನರೆತ ತಲೆಯನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ‘ಹೌದ್ರಿ? ಭಾಳ ಚಲೋ ಆತ್ ಬಿಡ್ರಿ,’ ಎಂದ. ಅವನ ದನಿಯಲ್ಲಿ ಅಣಕವಿರಲಿಲ್ಲ. ನಾನು ಹುಡುಕಿ ನೋಡಿದೆ, ಸಿಗಲಿಲ್ಲ.

ಪಂದ್ಯಗಳು ನಡೆದದ್ದು ಶಾಲೆಯೊಂದರ ಪ್ರಾರ್ಥನೆಯ ಸಭಾಂಗಣದಲ್ಲಿ. ಆಡುವವರು ಒಳಗೆ, ಕರೆತಂದವರು ಹೊರಗೆ. ತೀರ್ಪುಗಾರರು ನಮ್ಮನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಕಿಟಕಿಯಿಂದ ನೋಡಬಹುದು, ಮಾತಾಡುವುದು, ಸನ್ನೆ ಮಾಡುವುದು, ಸುಮ್ಮಸುಮ್ಮನೆ ಕೆಮ್ಮುವುದು ಕೂಡದು, ಹಾಗೆ ಮಾಡಿದರೆ ನಿಮ್ಮವರ ಆಟ ರದ್ದಾಗುತ್ತದೆ ಎಂದು ಹೇಳಿದರು. ಅದುವರೆಗೆ ಗುಂಡುಕಲ್ಲಿನಂತಿದ್ದ ನನ್ನ ಗಂಟಲು ಆ ಕ್ಷಣದಿಂದ ಕೆರೆಯತೊಡಗಿತು. ಉಳಿದ ಅರ್ಧ ಪೊಟ್ಟಣ ಖಾರವನ್ನು ತ್ಯಜಿಸಿ, ನೀರಿನ ಬಾಟಲಿಯನ್ನು ಕೂಸಿನಂತೆ ಎದೆಗವಚಿಕೊಂಡು ತಿರುಗಿದೆ.

ನಾಲ್ಕು ಸುತ್ತು ಮುಗಿದಾಗ ಶಿಗ್ಗಾವಿಯ ಕಾಲೇಜು ಹುಡುಗಿಯೊಬ್ಬಳು ನಾಲ್ಕಕ್ಕೆ ನಾಲ್ಕು ಗೆದ್ದು ಮೊದಲ ಸ್ಥಾನವನ್ನು ಗಟ್ಟಿ ಮಾಡಿಕೊಂಡಿದ್ದಳು. ಉಳಿದದ್ದು ಒಂದೇ ಜಾಗ. ಭೂಮಿಕಾಗೆ ಮೂರು ಅಂಕ, ಸುಮಿಗೆ ಎರಡೂವರೆ. ಐದನೆಯ ಮತ್ತು ಕೊನೆಯ ಸುತ್ತಿನಲ್ಲಿ ಅವರಿಬ್ಬರೇ ಎದುರುಬದುರು. ಆಟ ಸರಿಸಮವಾದರೂ ಸಾಕು, ಭೂಮಿಕಾ ಹೋಗುತ್ತಾಳೆ. ಸುಮಿ ಮಾತ್ರ ಗೆಲ್ಲಲೇಬೇಕು. ಫಲಕದ ಮೇಲೆ ಇದನ್ನು ಓದಿ ನಾನೂ ಈರಪ್ಪನೂ ಪರಸ್ಪರ ಮುಖ ನೋಡಿಕೊಂಡೆವು. ಬೆಳಗ್ಗಿನಿಂದ ಒಂದೇ ಬಾಟಲಿಯ ನೀರು ಕುಡಿದಿದ್ದ ನಾವು ಆಮೇಲೆ ಬೇರೆಬೇರೆ ಕಿಟಕಿಗೆ ಹೋಗಿ ನಿಂತೆವು.

ಆಟ ಒಂದೂವರೆ ತಾಸು ಎಳೆಯಿತು. ಕಾಯಿಗಳು ಒಂದೊಂದೇ ಉದುರಿ ಕಡೆಗೆ ಹಲಗೆ ಬಯಲಾಯಿತು. ಸುಮಿಯ ಬಳಿ ರಾಜ ಮತ್ತು ಒಂದು ಆನೆ. ಭೂಮಿಕಾಳ ರಾಜ ಹಲಗೆಯ ಮೂಲೆ ಸೇರಿದ್ದ, ಅವನ ಓರೆಯಲ್ಲಿ ಒಂದೇ ಒಂದು ಪ್ಯಾದೆ. ಸುಮಿಯ ಆನೆ ಆ ಪ್ಯಾದೆಯ ಸಾಲಿನಲ್ಲೇ, ಈಚಿನ ತುದಿಯಲ್ಲಿ ನಿಂತಿತ್ತು. ನೇರ ನಡೆದರೆ ಪ್ಯಾದೆ ಅವಳದು. ಹೊಡೆದ ಮೇಲೆ ಆನೆಯ ಬೆನ್ನಿಗೆ ಅವಳ ರಾಜನೇ ಇದ್ದಾನೆ, ಅಪಾಯವೂ ಇಲ್ಲ. ಆ ಪ್ಯಾದೆಯೊಂದು ಹೋದರೆ ಎದುರು ಉಳಿಯುವುದು ಬರಿಗೈಯ ರಾಜ. ಅದನ್ನು ನೋಡಿ ನಾನು ಕಿಟಕಿಯ ಸರಳುಗಳಿಗೆ ಮುಖ ಒತ್ತಿದೆ.

ಸುಮಿಯ ಕೈ ಆನೆಯ ತನಕ ಹೋಯಿತು. ಹೋಗಿ, ಮುಟ್ಟದೆ, ಹಿಂದಕ್ಕೆ ಬಂದು ಅವಳ ಮಡಿಲಲ್ಲಿ ಕೂತಿತು.

ನನಗೆ ಎಲ್ಲ ತಿಳಿದುಹೋಯಿತು, ಅಥವಾ ತಿಳಿದುಹೋಯಿತೆಂದು ನಾನು ತಿಳಿದೆ. ಚಾಚಾನ ಬುರ್ದು. ಕೊನೆಯ ಪ್ಯಾದೆಯನ್ನು ಕಸಿಯಬಾರದು. ಎಷ್ಟೋ ವರ್ಷಗಳ ಹಿಂದೆ ತೀರಿಕೊಂಡ ಎಲೆ ವ್ಯಾಪಾರಿಯೊಬ್ಬರ ಜಗುಲಿಯ ಧರ್ಮಕ್ಕೆ ಕಟ್ಟುಬಿದ್ದು ಇವಳು ಈಗ ಗೆಲುವನ್ನು ಕೈಯಾರೆ ಚೆಲ್ಲುತ್ತಾಳೆ. ‘ಹೊಡಿ, ಸುಮೀ, ಹೊಡಿ’ ಎಂಬ ಮಾತು ಗಂಟಲಿನವರೆಗೆ ಬಂತು, ಅದರ ಹಿಂದೆಯೇ ನಿಜವಾದ ಕೆಮ್ಮೂ ಬಂತು. ಇನ್ನೊಂದು ಉಸಿರು ಅಲ್ಲಿ ನಿಂತರೆ ಇವೆರಡರಲ್ಲಿ ಒಂದು ಹೊರಬಿದ್ದು ಅವಳ ಆಟವೇ ರದ್ದಾಗುತ್ತಿತ್ತು. ಒಮ್ಮೆ ಬಾರದೆ ಕೆಡಿಸಿದವನು ಈಗ ಬಂದು ಕೆಡಿಸಿದ ಎಂದಾಗಬಾರದೆಂದು, ಧೋತರದ ಚುಂಗಿನಿಂದ ಬಾಯಿ ಮುಚ್ಚಿಕೊಂಡು ಅಂಗಳದ ಆಚೆಯ ನಲ್ಲಿಯವರೆಗೆ ಓಡಿದೆ. ಅಲ್ಲಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಅಷ್ಟೂ ನೀರು ಕೆಮ್ಮಿನದೇ ಎಂದು ಹೇಳಿದರೆ ಸುಳ್ಳಾದೀತು.

ನಾನು ಮುಖ ತೊಳೆಯುತ್ತಿರುವಾಗ ಬೆನ್ನಹಿಂದೆ ಚಪ್ಪಲಿಯ ಸದ್ದಾಯಿತು. ತಿರುಗಿದರೆ ಸುಮಿ.

‘ಗೆದ್ದೆ ಅಣ್ಣಾ,’ ಎಂದಳು.

ಅವಳು ನಲ್ಲಿಯ ಕಟ್ಟೆಯ ಮೇಲೆ ಕುಳಿತು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು. ‘ಈಗಿನ ಆಟದಾಗ ಬುರ್ದಿಲ್ಲಂತ ಗೊತ್ತೈತಿ ನನಗ. ಆದ್ರೂ ಕೈ ಹೋಗ್ಲಿಲ್ಲ. ಚಾಚಾನ ಮುಂದ ಕುಂತಂಗಾತು. ಪ್ಯಾದಿ ಬಿಟ್ಟು ಬ್ಯಾರೆ ಏನರ ಐತೇನಂತ ನೋಡಿದೆ. ಆನಿ ಒಂದ ಮನಿ ಬಾಜೂಕ ಸರಸಿದೆ, ರಾಜ ಮೂಲ್ಯಾಗ ಸಿಕ್ಕಬಿದ್ದ.’ ನಲ್ಲಿಗೆ ಬೊಗಸೆಯೊಡ್ಡಿ ನೀರು ಕುಡಿದು, ‘ಆಟ ಮುಗದ ಮ್ಯಾಲೆ ಆ ಹುಡುಗಿನ ಹೇಳಿದ್ಲು. “ಆಂಟಿ, ನೀವು ಪ್ಯಾದಿ ಹೊಡೀತೀರಂತನ ನಾ ರಾಜನ್ನ ಮೂಲಿಗೆ ತಂದಿದ್ದೆ, ಹೊಡದಿದ್ರ ನನಗ ನಡಿಯಾಕ ಮನೀನ ಇರ್ತಿದ್ದಿಲ್ಲ, ಆಟ ಸಮಾ ಆಗ್ತಿತ್ತು” ಅಂತ,’ ಎಂದಳು.

ನಿಂತಲ್ಲೇ ಹಲಗೆಯನ್ನು ಮನಸ್ಸಿನಲ್ಲಿ ಬರೆದು ನೋಡಿದೆ. ಹುಡುಗಿ ಹೇಳಿದ್ದು ನಿಜ. ರಾಜನಿಗೆ ಯಾರ ಬೆದರಿಕೆಯೂ ಇಲ್ಲದೆ, ಆದರೆ ಇಡಲು ಒಂದು ಹೆಜ್ಜೆಯೂ ಉಳಿಯದೆ ಹೋದರೆ ಆಟ ಸರಿಸಮ. ಏಳು ಮೆಟ್ಟಿಲುಗಳ ಚರಿತ್ರೆ ಓದಿಕೊಂಡು ಬಂದ ಪಂಡಿತ ಕಿಟಕಿಯಲ್ಲಿ ನಿಂತು ‘ಹೊಡಿ’ ಎನ್ನಲು ಹೊರಟಿದ್ದ. ಅವಳು ನನ್ನ ಮಾತು ಕೇಳಿದ್ದರೆ ಈ ಹೊತ್ತಿಗೆ ಮನೆಯ ಬಸ್ಸು ಹಿಡಿಯುತ್ತಿದ್ದೆವು.

ಸಭಾಂಗಣದ ಮೆಟ್ಟಿಲ ಮೇಲೆ ಭೂಮಿಕಾ ಮೊಣಕಾಲಿನ ನಡುವೆ ಮುಖವಿಟ್ಟು ಅಳುತ್ತಿದ್ದಳು. ಈರಪ್ಪ ಅವಳ ಬೆನ್ನು ಸವರುತ್ತ, ನಮ್ಮನ್ನು ಕಂಡು ಎದ್ದು ನಿಂತು, ‘ಚಲೋ ಆಡಿದ್ರಿ ಅಕ್ಕಾರ,’ ಎಂದು ಸುಮಿಗೆ ಕೈಮುಗಿದ. ಒಳಗಿನಿಂದ ತೀರ್ಪುಗಾರರು ಬಂದು, ಗೆದ್ದವರಿಬ್ಬರೂ ಜಿಲ್ಲೆಯ ಅರ್ಜಿ ತುಂಬಿ ಸಹಿ ಹಾಕಬೇಕು, ಯಾರಿಗಾದರೂ ಬರಲು ಅನನುಕೂಲವಿದ್ದರೆ ಈಗಲೇ ಹೇಳಿದರೆ ಮೂರನೆಯವರ ಹೆಸರು ಸೇರಿಸುತ್ತೇವೆ ಎಂದರು. ಅವರಿಗೆ ಅದು ಪ್ರತಿ ಸಲ ಹೇಳುವ ಮಾತು. ನನಗೆ ಮಾತ್ರ ಅದು ನನ್ನ ಕಿವಿಯಲ್ಲೇ ಹೇಳಿದಂತಾಯಿತು.

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಅಳುವ ಮಗುವನ್ನು ಕಂಡ ಕೂಡಲೇ ನನ್ನೊಳಗಿನ ಮೇಷ್ಟ್ರು ಎದ್ದು ನಿಂತ. ತ್ಯಾಗ, ಔದಾರ್ಯ, ಹಿರಿಯರು ಕಿರಿಯರಿಗೆ ದಾರಿ ಬಿಡುವುದು, ಮೂವತ್ತು ವರ್ಷ ಪ್ರಬಂಧದ ವಹಿಗಳಲ್ಲಿ ಕೆಂಪು ಶಾಯಿಯಿಂದ ನಾನು ಸರಿ ಎಂದು ಗುರುತು ಹಾಕಿದ ಗುಣಗಳೆಲ್ಲ ಸಾಲುಗಟ್ಟಿ ಬಂದವು. ಸುಮಿಯನ್ನು ಒಂದು ಬದಿಗೆ ಕರೆದು ಮೆಲ್ಲಗೆ ಹೇಳಿದೆ. ‘ಸುಮೀ, ಸಣ್ಣ ಹುಡುಗಿ ಅದು. ಮುಂದ ಆಡಿ ಹೆಸರು ಮಾಡಾಕಿ. ನಿನಗ ಗೆದ್ದ ಸಮಾಧಾನ ಆತಲ್ಲ. ಜಾಗಾ ಅಕಿಗೆ ಬಿಟ್ಟುಕೊಟ್ರ ದೊಡ್ಡಸ್ತಿಕಿ ನಿನ್ನದ ಆಕ್ಕೇತಿ.’

ಹೇಳುತ್ತಿರುವಾಗ ನನ್ನ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸಿತು.

ಸುಮಿ ನನ್ನನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ಶಿಗ್ಗಾವಿಯ ಬಸ್ಸು ತಪ್ಪಿದ ದಿನ ಕಲ್ಲುಬೆಂಚಿನಿಂದ ತಲೆಯೆತ್ತಿ ನೋಡಿದ್ದಳಲ್ಲ, ಆ ನೋಟ. ಅಂದು ‘ಹೋಗೂಣ ಬಾ’ ಎಂದಷ್ಟೇ ಹೇಳಿದ್ದಳು.

‘ಅಕಿಗೆ ಮುಂದಿನ ವರ್ಷ ಐತಿ, ಅದರ ಮುಂದಿನ ವರ್ಷ ಐತಿ,’ ಎಂದಳು. ‘ನನಗ ಹೋದ ವರ್ಷ ಒಂದೂ ತಿರುಗಿ ಬರೂದಿಲ್ಲ. ನಾ ಬಿಟ್ಟುಕೊಡಾಂಗಿಲ್ಲ ಅಣ್ಣಾ. ಒಂದ ಸಲ ಬಿಟ್ಟುಕೊಟ್ಟೇನಿ.’

ಒಂದು ಬಸ್ಸಿಗೆ ತಡಮಾಡಿ ಅವಳ ಕೈಯಿಂದ ಕಸಿದದ್ದನ್ನೇ ನಾನು ಈಗ ಹೊತ್ತಿಗೆ ಸರಿಯಾಗಿ ಬಂದು, ಒಳ್ಳೆಯ ಮಾತಾಡಿ ಕಸಿಯಲು ನೋಡಿದ್ದೆ. ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಯಾವ ತಪ್ಪು ಎಂದು ಮೊದಲು ಹೇಳಬೇಕಿತ್ತು, ಇಂದಿನದೋ ಅಂದಿನದೋ.

ಅವಳು ನನಗಾಗಿ ಕಾಯಲಿಲ್ಲ. ಮೆಟ್ಟಿಲ ಬಳಿ ಹೋಗಿ ಭೂಮಿಕಾಳ ಪಕ್ಕದಲ್ಲಿ ಕುಳಿತು, ಅವಳ ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿ ಮೂಗೆಳೆದುಕೊಂಡು ತಲೆಯಾಡಿಸಿದಳು. ಆಮೇಲೆ ಸುಮಿ ಎದ್ದು ತೀರ್ಪುಗಾರರ ಮೇಜಿಗೆ ಬಂದಳು. ಅವರು ಅರ್ಜಿಯನ್ನು ಮುಂದೆ ಸರಿಸಿ, ‘ಬರ್ತೀರೆಲ್ರಿ ಅಮ್ಮಾರ?’ ಎಂದು ಕೇಳಿದರು.

‘ಬರ್ತೇನ್ರಿ,’ ಎಂದಳು. ನನ್ನ ಕಡೆಗೆ ತಿರುಗದೆ ಕೈ ಮಾತ್ರ ಚಾಚಿ, ‘ಪೆನ್ ಕೊಡು,’ ಎಂದಳು.

ಕೊಟ್ಟೆ. ಹೆಸರಿನ ಮನೆಯಲ್ಲಿ ದುಂಡಗೆ ಸುಮಿತ್ರಾ ಎಂದು ಬರೆದಳು. ವಯಸ್ಸಿನ ಮನೆಯಲ್ಲಿ ಎಲ್ಲೂ ತಡೆಯದೆ ಐವತ್ನಾಲ್ಕು ಎಂದು ಬರೆದಳು. ಕಿಟಕಿಯಿಂದ ಗಾಳಿ ಬೀಸುತ್ತಿತ್ತು. ನಾನು ಪಕ್ಕದಲ್ಲಿ ನಿಂತು, ಅವಳು ಬರೆದು ಮುಗಿಸುವವರೆಗೂ ಆ ಕಾಗದದ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡಿದ್ದೆ.